ಕಾಣದ ಕಣಜದ ಲೆಕ್ಕ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಪುತ್ತೂರು, ಸುಳ್ಯ, ಕಡಬದ ಅಂಗಳಗಳಲ್ಲಿ ದಾಸವಾಳದ ಚಿಗುರು ಮುರುಟಿ, ಗೆಲ್ಲಿಗೆ ಹತ್ತಿ ಮೆತ್ತಿದಂತೆ ಬಿಳಿಯ ಹಿಟ್ಟು ಕಾಣಿಸಿಕೊಳ್ಳುವುದುಂಟು. ಇದು ಹಿಟ್ಟು ತಿಗಣೆ. ಶಲ್ಕ ಕೀಟಗಳ ಬಳಗಕ್ಕೆ ಸೇರಿದ್ದು. ಕಂಡೊಡನೆ ನಾವು 'ಮದ್ದಿ'ನ ಅಂಗಡಿಗೆ ಓಡುತ್ತೇವೆ. (ವಿಷಕ್ಕೆ ಮದ್ದೆನ್ನುವ ರೂಢಿಯೇ ವಿಚಿತ್ರ.) ನಿವೃತ್ತಿಯ ಮೊದಲ ವರ್ಷ ನಾನೂ ಹಾಗೆಯೇ ಮಾಡಿದ್ದೆ. ಎರಡು ಬಾರಿ ಸಿಂಪಡಿಸಿದ ಮೇಲೆ ತಿಗಣೆ ಮೊದಲಿಗಿಂತ ಹೆಚ್ಚಾಯಿತು.

ಕಾರಣ ಸರಳ. ತಿಗಣೆಯ ಮೈಗೆ ಮೇಣದ ಕವಚವಿದೆ. ಅದನ್ನು ಕೊಲ್ಲುವ ಪರಾವಲಂಬಿ ಕಣಜಕ್ಕೆ ಅಂಥ ರಕ್ಷಣೆಯಿಲ್ಲ. ಮಿಲಿಮೀಟರಿನ ಆಸುಪಾಸಿನ ಈ ಕಣಜ ತಿಗಣೆಯ ದೇಹದೊಳಗೆ ಮೊಟ್ಟೆಯಿಡುತ್ತದೆ. ಮರಿಯು ಒಳಗಿನಿಂದಲೇ ತಿಂದು ಬೆಳೆದು, ಒಣಗಿದ ಚಿಪ್ಪಿಗೆ ತೂತು ಕೊರೆದು ಹೊರಬರುತ್ತದೆ. ವಿಷ ಬಿದ್ದಾಗ ಮೊದಲು ನಾಶವಾಗುವುದು ಈ ಕಾವಲು.

ಮೆಕ್ಸಿಕೊ ಮೂಲದ ಪಪ್ಪಾಯಿ ಹಿಟ್ಟು ತಿಗಣೆ ಭಾರತದಲ್ಲಿ ಮೊದಲು ಪತ್ತೆಯಾದದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಪಪ್ಪಾಯಿ, ಹಿಪ್ಪುನೇರಳೆ, ತೇಗ, ದಾಸವಾಳ ಯಾವುದನ್ನೂ ಅದು ಬಿಡಲಿಲ್ಲ. ಸಿಂಪಡಣೆಗೆ ಬಗ್ಗಲೂ ಇಲ್ಲ. 2010ರಲ್ಲಿ ಬೆಂಗಳೂರಿನ ಸಂಸ್ಥೆ, ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ, ಪೋರ್ಟೊ ರಿಕೊದಿಂದ ಮೂರು ಜಾತಿಯ ಕಣಜಗಳನ್ನು ತರಿಸಿತು. ಅವುಗಳಲ್ಲಿ ಅಸೆರೋಫೇಗಸ್ ಪಪಾಯೆ ಎಂಬುದು ಬಿಡುಗಡೆಯಾದ ಕೆಲವೇ ತಿಂಗಳುಗಳಲ್ಲಿ ಪಿಡುಗನ್ನು ಹತೋಟಿಗೆ ತಂದಿತು. 2014ರ ಅರ್ಥಶಾಸ್ತ್ರೀಯ ಅಧ್ಯಯನವೊಂದು ಐದು ವರ್ಷಗಳ ಲಾಭವನ್ನು 50 ಕೋಟಿ ಡಾಲರಿಗೂ ಮಿಗಿಲೆಂದು ಅಂದಾಜಿಸಿತು. ಸರಕಾರಿ ವೆಚ್ಚಕ್ಕೆ ಇಂಥ ಪ್ರತಿಫಲವನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡದ್ದಿಲ್ಲ.

ಆದರೆ ಕಣಜ ಸಾರ್ವಜನಿಕ ಸರಕು. ನನ್ನ ಬೇಲಿಯ ದಾಸವಾಳದಲ್ಲಿ ಹುಟ್ಟಿದ್ದು ನೆರೆಮನೆಯ ಪಪ್ಪಾಯಿಯನ್ನೂ ಕಾಯುತ್ತದೆ. ನಾನು ಹೊಡೆದ ವಿಷ ಅವರ ನಷ್ಟವೂ ಹೌದು. ಯಾರಿಗೂ ಬಿಲ್ಲು ಬರುವುದಿಲ್ಲವಾದ್ದರಿಂದ ಯಾರೂ ಲೆಕ್ಕವಿಡುವುದಿಲ್ಲ. ವಿಷ ಮಾರುವವರಿಗೆ ಕಮಿಷನ್ ಉಂಟು, ಕಣಜದ ಪರ ವಾದಿಸುವವರಿಗೆ ಇಲ್ಲ.

ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ವಿಟ್ಲ, ಕಿದುಗಳಲ್ಲಿ ತೋಟದ ಬೆಳೆಗಳ ಸಂಶೋಧನಾ ಕೇಂದ್ರಗಳಿವೆ. ಅವುಗಳ ಬೆಳೆ ಗೇರು, ಅಡಕೆ, ತೆಂಗು, ಕೊಕ್ಕೊ. ಅಂಗಳದ ಹೂಗಿಡಕ್ಕೆ, ರಸ್ತೆಬದಿಯ ಅಲಂಕಾರದ ಮರಕ್ಕೆ ವಾರಸುದಾರರಿಲ್ಲ. ನಗರಸಭೆ, ಪಟ್ಟಣ ಪಂಚಾಯಿತಿಗಳು ಮರಗಳಿಗೆ ಸಿಂಪಡಿಸುವ ಮುನ್ನ ತೋಟಗಾರಿಕೆ ಇಲಾಖೆಯ ಅಭಿಪ್ರಾಯ ಕೇಳುವಂತಾಗಬೇಕು. ಹೊರ ಊರುಗಳಿಂದ ನರ್ಸರಿಗಳಿಗೆ ಬರುವ ಗಿಡಗಳ ತಪಾಸಣೆಯೂ ಆಗಬೇಕು. ಮನೆಯವರು ಮಾಡಬೇಕಾದದ್ದು ಇನ್ನೂ ಕಡಿಮೆ: ಹೆಚ್ಚು ತಿಗಣೆಯಿರುವ ಗೆಲ್ಲನ್ನು ಕತ್ತರಿಸುವುದು, ಅಂಟುಸಿಹಿಗಾಗಿ ಕಣಜವನ್ನು ಓಡಿಸುವ ಇರುವೆಗಳು ಗಿಡ ಹತ್ತದಂತೆ ತಡೆಯುವುದು, ಮತ್ತೆ ಕೆಲವು ವಾರ ಕಾಯುವುದು. ಒಣಗಿದ ತಿಗಣೆಗಳ ಬೆನ್ನಲ್ಲಿ ಗುಂಡನೆಯ ಸಣ್ಣ ತೂತು ಕಂಡರೆ ಪಂಪನ್ನು ಒಳಗಿಡಬಹುದು.