ಮೀನು ಕೊಳ್ಳುವ ಮೊದಲು ತಳ ಅಳೆಯಿರಿ

ಮನೆಯಲ್ಲಿ ಅಕ್ವೇರಿಯಂ ಇಡಬೇಕೆಂದು ನನ್ನ ಬಳಿ ಸಲಹೆ ಕೇಳಲು ಬರುವವರು ಸಾಮಾನ್ಯವಾಗಿ ಮೇಲೆ ಈಜುವ ಮೀನುಗಳನ್ನು ಆಗಲೇ ಆರಿಸಿಕೊಂಡಿರುತ್ತಾರೆ. ಗಪ್ಪಿ, ಟೆಟ್ರಾ, ಏಂಜೆಲ್ ಎಂದು ಹೆಸರು ಹೇಳುತ್ತಾರೆ, ಫೋಟೊ ತೋರಿಸುತ್ತಾರೆ. ಎಲ್ಲ ಮುಗಿದ ಮೇಲೆ ಒಂದು ಮಾತು ಬರುತ್ತದೆ: "ಮೇಡಂ, ತಳ ಕ್ಲೀನ್ ಮಾಡೋಕೆ ಒಂದು ಸಕ್ಕರ್ ಹಾಕ್ಕೊಂಡ್ರೆ ಸಾಕಲ್ವಾ?" ಶಿವಮೊಗ್ಗದಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ನನಗೆ ಈ ಪ್ರಶ್ನೆ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಮೇಲಿನದನ್ನು ಮೀನೆಂದು ಕೊಳ್ಳುತ್ತೇವೆ, ತಳದ್ದನ್ನು ಕಸ ಗುಡಿಸುವ ಆಳೆಂದು ಕೊಳ್ಳುತ್ತೇವೆ. ಹಲವು ಜಾತಿಯ ಮೀನುಗಳು ಒಟ್ಟಿಗೆ ಬಾಳಬೇಕಾದ ತೊಟ್ಟಿಗೆ ಮೊದಲು ಆರಿಸಬೇಕಾದದ್ದು ತಳದ ಮೀನನ್ನೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಾರಣ ಸರಳವಾಗಿದೆ. ಟೆಟ್ರಾಗಳಿಗೆ ನೀರಿನ ಆಳವೆಲ್ಲ ಓಡಾಡುವ ಜಾಗ. ತಳದ ಮೀನಿಗೆ ಇರುವುದು ನೆಲ ಮಾತ್ರ. ಅಂಗಡಿಯವರು ತೊಟ್ಟಿಯನ್ನು ಲೀಟರ್ ಲೆಕ್ಕದಲ್ಲಿ ಹೇಳುತ್ತಾರೆ, ನಾವೂ ಅದನ್ನೇ ಕೇಳುತ್ತೇವೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ. ಅದನ್ನೇ ನೆಟ್ಟಗೆ ನಿಲ್ಲಿಸಿದಂತೆ ಒಂದಡಿ ಉದ್ದ, ಒಂದಡಿ ಅಗಲ, ಎರಡಡಿ ಎತ್ತರ ಮಾಡಿದರೂ ಅಷ್ಟೇ ನೀರು. ಆದರೆ ಮೊದಲನೆಯದರಲ್ಲಿ ತಳ ಎರಡು ಚದರಡಿ, ಎರಡನೆಯದರಲ್ಲಿ ಒಂದೇ ಚದರಡಿ. ಈಚೆಗೆ ಡ್ರಾಯಿಂಗ್ ರೂಮಿನ ಮೂಲೆಗೆ ಚೆಂದ ಕಾಣುತ್ತದೆಂದು ಕೊಳ್ಳುವ ಎತ್ತರದ ತೊಟ್ಟಿಗಳಲ್ಲಿ ತಳದ ಮೀನುಗಳು ಒಂದರ ಮೇಲೊಂದು ಬಿದ್ದುಕೊಂಡಿರುವುದನ್ನು ಕಾಣುತ್ತೇನೆ. ಅಂಥ ತೊಟ್ಟಿಗೆ ತಳದ ಮೀನು ಬೇಡವೇ ಬೇಡ.

ಸಕ್ಕರ್ ವಿಷಯಕ್ಕೆ ಬರುತ್ತೇನೆ. ಅಂಗಡಿಯಲ್ಲಿ ಬೆರಳುದ್ದ ಇರುವ ಈ ಮರಿ ದಕ್ಷಿಣ ಅಮೆರಿಕದ ಟೆರಿಗೋಪ್ಲಿಕ್ತಿಸ್ ಎಂಬ ಕುಲದ್ದು. ಅಡಿಗಿಂತ ಉದ್ದ ಬೆಳೆಯುತ್ತದೆ, 50 ಸೆಂಟಿಮೀಟರ್ ಮುಟ್ಟುವುದೂ ಉಂಟು. ಎರಡಡಿ ತೊಟ್ಟಿಯಲ್ಲಿ ಅದು ತಿರುಗಿಕೊಳ್ಳಲಾರದು. ಮರಿಯಾಗಿದ್ದಾಗ ಗಾಜಿನ ಪಾಚಿ ತಿನ್ನುವುದು ನಿಜ. ಬೆಳೆದಂತೆ ಆ ಆಸಕ್ತಿ ಇಳಿಯುತ್ತದೆ. ಹಗಲೂ ರಾತ್ರಿ ಹಿಕ್ಕೆ ಹಾಕುತ್ತ ಶುಚಿ ಮಾಡಬೇಕಾದ ತೊಟ್ಟಿಯನ್ನು ತಾನೇ ಹೊಲಸು ಮಾಡುತ್ತದೆ. ಇನ್ನೂ ಕೆಟ್ಟ ಸಂಗತಿಯೆಂದರೆ ಹೊಟ್ಟೆ ತುಂಬದ ಸಕ್ಕರ್ ರಾತ್ರಿ ಹೊತ್ತು ಗೋಲ್ಡ್‌ಫಿಶ್, ಏಂಜೆಲ್, ಡಿಸ್ಕಸ್‌ನಂಥ ನಿಧಾನದ, ಅಗಲ ಮೈಯ ಮೀನುಗಳಿಗೆ ಅಂಟಿಕೊಂಡು ಮೈಮೇಲಿನ ಲೋಳೆ ಕೆರೆದು ತಿನ್ನುತ್ತದೆ. ಬೆಳಿಗ್ಗೆ ಏಂಜೆಲ್ ಮೈಮೇಲೆ ಗಾಯ ಕಂಡವರು ಯಾವುದೋ ರೋಗವೆಂದು ಔಷಧ ಸುರಿಯುತ್ತಾರೆ. ಗೋಲ್ಡ್‌ಫಿಶ್ ಜೊತೆ ಸಕ್ಕರ್ ಎಂಬುದು ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಮಾರಾಟವಾಗುವ ಜೋಡಿ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಹೊಂದದ ಜೋಡಿ ಇನ್ನೊಂದಿಲ್ಲ.

ಬೆಳೆದ ಸಕ್ಕರ್ ಎಲ್ಲಿಗೆ ಹೋಗುತ್ತದೆ? ಕೊಲ್ಲಲು ಮನಸ್ಸು ಬಾರದೆ ಜನ ಕೆರೆಗೆ ಬಿಡುತ್ತಾರೆ, ಪುಣ್ಯದ ಕೆಲಸವೆಂದೇ ತಿಳಿಯುತ್ತಾರೆ. ಆಂಧ್ರ, ತೆಲಂಗಾಣ, ತಮಿಳುನಾಡು, ಕೇರಳದ ಕೆರೆ ಕಾಲುವೆಗಳಲ್ಲಿ ಈ ಮೀನು ಈಗ ತಾನಾಗಿ ಮರಿ ಮಾಡಿಕೊಂಡು ತುಂಬಿಕೊಂಡಿದೆ. ಮೊಟ್ಟೆಗಾಗಿ ದಡದಲ್ಲಿ ಬಿಲ ಕೊರೆಯುತ್ತದೆ. ಮುಳ್ಳುಮೈಯಿಂದ ಬಲೆ ಹರಿಯುತ್ತದೆ. ಅದನ್ನು ಕೊಳ್ಳುವವರೂ ಇಲ್ಲ, ಬಲೆ ಹರಿದ ಮೀನುಗಾರನಿಗೆ ಅಂದಿನ ಕೂಲಿಯೂ ಇಲ್ಲ. ನಮ್ಮ ಡ್ರಾಯಿಂಗ್ ರೂಮಿನ ಒಂದು ಸಣ್ಣ ಅವಿವೇಕದ ಬೆಲೆಯನ್ನು ತೆರುವವನು ಅವನು.

ಹಾಗಾದರೆ ಯಾವ ಮೀನು? ಎರಡಡಿ ತೊಟ್ಟಿಗೆ ನಾನು ಹೇಳುವುದು ಕೋರಿಡೋರಸ್, ಅಂಗಡಿಯ ಬಾಯಲ್ಲಿ ಕೋರಿ. ಐದಾರು ಸೆಂಟಿಮೀಟರಿನ ಈ ಪುಟ್ಟ ಮೀನಿಗೆ ಹುರುಪೆಯ ಬದಲು ಎರಡು ಸಾಲು ಮೂಳೆಯ ಕವಚ, ಬಾಯಿಯ ಸುತ್ತ ಮೃದುವಾದ ಮೀಸೆ. ಮೂತಿಯನ್ನು ಮರಳಿಗೆ ತೂರಿಸಿ ಜರಡಿ ಹಿಡಿದಂತೆ ಶೋಧಿಸುತ್ತದೆ. ಕಣ್ಣುಗುಡ್ಡೆಯನ್ನು ಕೆಳಕ್ಕೆ ಹೊರಳಿಸಿ ಕಣ್ಣು ಮಿಟುಕಿಸಿದಂತೆ ಮಾಡುವುದನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಯಾವ ಮೀನಿನ ತಂಟೆಗೂ ಹೋಗದು. ಆದರೆ ಅದು ಗುಂಪಿನ ಜೀವಿ. ಒಂದನ್ನೋ ಎರಡನ್ನೋ ತಂದರೆ ಫಿಲ್ಟರಿನ ಹಿಂದೆ ಅಡಗಿ ಕೂತು ಸೊರಗುತ್ತದೆ. ಒಂದೇ ಜಾತಿಯವು ಆರಾದರೂ ಇರಬೇಕು. ಕಂಚಿನ ಬಣ್ಣದ್ದೊಂದು, ಚುಕ್ಕೆಯದೊಂದು ಎಂದು ತರುವುದು ಗುಂಪಲ್ಲ. ಹೆಚ್ಚಿನಂಶ ಅವು ತಮ್ಮ ಜಾತಿಯನ್ನೇ ಅರಸುತ್ತವೆ.

ಕೋರಿಗೆ ಬೇಕಾದದ್ದು ನಯವಾದ ಮರಳು. ನೀಲಿ, ಗುಲಾಬಿ ಬಣ್ಣ ಬಳಿದ ಚೂಪು ಜಲ್ಲಿಯಲ್ಲಿ, ಅದರಲ್ಲೂ ಹೊಲಸು ಸೇರಿಕೊಂಡ ಜಲ್ಲಿಯಲ್ಲಿ, ಅದರ ಮೀಸೆ ಸವೆದು ಮೊಂಡಾಗುತ್ತದೆ. ಆಗಾಗ ಸರ್ರನೆ ಮೇಲೆ ಹೋಗಿ ಗಾಳಿ ನುಂಗಿ ಬರುವುದು ಅದರ ಸಹಜ ಅಭ್ಯಾಸ. ಆ ಗಾಳಿಯನ್ನು ಅದು ಕರುಳಿನಲ್ಲಿ ಹೀರಿಕೊಳ್ಳುತ್ತದೆ. ಹಾಗಾಗಿ ಮುಚ್ಚಳಕ್ಕೂ ನೀರಿಗೂ ನಡುವೆ ಒಂದಿಷ್ಟು ಜಾಗ ಬಿಡಿ. ಬಲೆಯಲ್ಲಿ ಹಿಡಿದರೆ ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ, ಲೋಟದಲ್ಲಿ ಹಿಡಿಯಿರಿ. ಯಾವ ರೋಗಕ್ಕೂ ಮುಷ್ಟಿಗಟ್ಟಲೆ ಕಲ್ಲುಪ್ಪು ಸುರಿಯುವ ಪದ್ಧತಿ ನಮ್ಮಲ್ಲಿದೆ. ಕೋರಿಗಳೂ ಲೋಚ್ ಎಂಬ ಇನ್ನೊಂದು ಬಳಗದ ತಳದ ಮೀನುಗಳೂ ಉಪ್ಪನ್ನು ಹೆಚ್ಚು ತಾಳಲಾರವು.

ಊರಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಚುಕ್ಕೆ ಕೋರಿ, ಅಂದರೆ ಪೆಪ್ಪರ್ಡ್ ಕೋರಿ, ತಂಪು ನೀರಿನದು. ಬೆಂಗಳೂರು, ಮಡಿಕೇರಿ, ಮಲೆನಾಡಿನ ಕಡೆ ಅದಕ್ಕೆ ಹೀಟರ್ ಚಿಂತೆ ಅಷ್ಟಾಗಿ ಇಲ್ಲ. ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ಅದು ಬಳಲುತ್ತದೆ. ಅಲ್ಲಿನವರು ಬಿಸಿ ತಾಳುವ ಸ್ಟರ್ಬಾ ಕೋರಿ ಹುಡುಕುವುದು ಮೇಲು.

ಮೂರಡಿ ತೊಟ್ಟಿ ಇದ್ದವರು ಆರು ಕೋರಿಗಳ ಜೊತೆ ಒಂದು ಬ್ರಿಸಲ್‌ನೋಸ್ ಇಡಬಹುದು. ಅದೂ ಸಕ್ಕರ್ ಬಳಗದ್ದೇ, ಆದರೆ ಬೆಳೆಯುವುದು 12ರಿಂದ 15 ಸೆಂಟಿಮೀಟರ್ ಮಾತ್ರ. ಕೋರಿಗೆ ಮರಳು ಬೇಕು, ಬ್ರಿಸಲ್‌ನೋಸ್‌ಗೆ ಮರದ ತುಂಡು ಮತ್ತು ಗಾಜು ಬೇಕು. ಒಂದರ ಜಾಗ ಇನ್ನೊಂದಕ್ಕೆ ಬೇಡ. ಹೊಂದಾಣಿಕೆ ಎಂದು ನಾನು ಕರೆಯುವುದು ಇದನ್ನೇ. ಮರಿಯಲ್ಲಿ ಇದನ್ನೂ ದೊಡ್ಡ ಸಕ್ಕರನ್ನೂ ಬೇರೆಬೇರೆಯಾಗಿ ಗುರುತಿಸಲು ಬೆನ್ನಿನ ರೆಕ್ಕೆಯ ಕಡ್ಡಿಗಳನ್ನು ಎಣಿಸಿ: ಎಂಟರ ಆಸುಪಾಸಿದ್ದರೆ ಬ್ರಿಸಲ್‌ನೋಸ್, ಹತ್ತು ದಾಟಿದರೆ ದೊಡ್ಡ ಸಕ್ಕರ್. ಅಂಗಡಿಯ ಹುಡುಗ ಗೊಣಗಿದರೂ ಪರವಾಗಿಲ್ಲ, ಎಣಿಸಿಯೇ ತನ್ನಿ.

ಬೇಡವಾದವುಗಳ ಹೆಸರೂ ಹೇಳಿಬಿಡುತ್ತೇನೆ. ಕೆಂಪು ಬಾಲದ ಶಾರ್ಕ್ ಎಂದು ಮಾರುವ ಮೀನು ತಳವೆಲ್ಲ ತನ್ನದೆಂದು ಕೋರಿಗಳನ್ನು ಅಟ್ಟಾಡಿಸುತ್ತದೆ. ಚೈನೀಸ್ ಆಲ್ಗೀ ಈಟರ್ ಮರಿಯಲ್ಲಿ ಸಾಧು, ಬೆಳೆದ ಮೇಲೆ ಜಗಳಗಂಟ. ಕ್ಲೌನ್ ಲೋಚ್ ಬಲು ಸುಂದರ. ಅದು 30 ಸೆಂಟಿಮೀಟರ್‌ವರೆಗೆ ಬೆಳೆದು ಇಪ್ಪತ್ತು ವರ್ಷ ಮೀರಿ ಬದುಕುವ ಮೀನು, ಅದಕ್ಕೂ ಗುಂಪು ಬೇಕು. ಅಷ್ಟು ದೊಡ್ಡ ತೊಟ್ಟಿ ಎಷ್ಟು ಮನೆಗಳಲ್ಲಿದೆ?

ನನಗೆ ಎಲ್ಲಕ್ಕಿಂತ ಹತ್ತಿರದ ತಳದ ಮೀನು ನಮ್ಮ ತುಂಗೆಯದು. ಅಂಗಡಿಯಲ್ಲಿ ಅದಕ್ಕೆ ಜೀಬ್ರಾ ಲೋಚ್ ಎನ್ನುತ್ತಾರೆ, ವಿಜ್ಞಾನದಲ್ಲಿ ಬೋಟಿಯಾ ಸ್ಟ್ರಿಯಾಟಾ. ಮೈಮೇಲೆಲ್ಲ ತೆಳುವಾದ ಅಡ್ಡಪಟ್ಟೆ, ಉದ್ದ ಎಂಟರಿಂದ ಹತ್ತು ಸೆಂಟಿಮೀಟರ್. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗ ಕಟ್ಟಿದ ಸಿ. ಆರ್. ನಾರಾಯಣ ರಾವ್ ಅವರು 1920ರಲ್ಲಿ ಶಿವಮೊಗ್ಗದ ತುಂಗಾ ನದಿಯ ಮಾದರಿಗಳಿಂದ ಇದನ್ನು ವಿವರಿಸಿದರು. ಲೋಕದ ಅಕ್ವೇರಿಯಂ ಪ್ರಿಯರೆಲ್ಲ ಬಲ್ಲ ಮೀನು ಇದು. ತುಂಗೆಯ ದಡದಲ್ಲಿ ಓದಿದ ನನ್ನ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಇದರ ಹೆಸರು ಕೇಳಿರಲಿಲ್ಲ. ಪಶ್ಚಿಮ ಘಟ್ಟದ ಹೊಳೆಗಳಿಗಷ್ಟೇ ಸೀಮಿತವಾದ ಇದನ್ನು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅಪಾಯದಂಚಿನ ಪಟ್ಟಿಗೆ ಸೇರಿಸಿದೆ. ಹೊಳೆ ಕೆಡುತ್ತಿರುವುದು ಒಂದು ಕಾರಣ, ಅಲಂಕಾರಕ್ಕಾಗಿ ಹಿಡಿಯುವುದು ಇನ್ನೊಂದು. ನಾಲ್ಕಡಿ ತೊಟ್ಟಿಯಲ್ಲಿ ಆರೇಳನ್ನು ಇಟ್ಟರೆ ಸೊಗಸಾಗಿ ಬಾಳುತ್ತದೆ, ಬಸವನಹುಳಗಳನ್ನೂ ತಿಂದು ಹಾಕುತ್ತದೆ. ಗಪ್ಪಿ, ಬೆಟ್ಟಾ ಮೀನಿನಂಥ ಉದ್ದ ಬಾಲದವುಗಳ ಜೊತೆ ಮಾತ್ರ ಬೇಡ, ಬಾಲ ಕಚ್ಚಬಹುದು. ಕೋರಿಗಳಿರುವ ತೊಟ್ಟಿಗೂ ನಾನು ಇದನ್ನು ಹಾಕುವುದಿಲ್ಲ. ಚುರುಕಾದ ಇದು ತಳಕ್ಕೆ ಬಿದ್ದ ಊಟವನ್ನೆಲ್ಲ ಮೊದಲೇ ಮುಗಿಸಿಬಿಡುತ್ತದೆ. ಹೊಳೆಯಿಂದ ಹಿಡಿದದ್ದೋ ಸಾಕಿ ಮರಿ ಮಾಡಿಸಿದ್ದೋ ಎಂದು ಅಂಗಡಿಯವರನ್ನು ಕೇಳಿ. ಹಿಡಿದದ್ದಾದರೆ ದಯವಿಟ್ಟು ಕೊಳ್ಳಬೇಡಿ.

ಊಟ ಎಂದಾಗ ಇನ್ನೊಂದು ಮಾತು. ಮೇಲಿನವು ತಿಂದು ಉಳಿಸಿದ್ದರಲ್ಲಿ ತಳದವು ಬದುಕಲಾರವು. ಮುಳುಗುವ ಗುಳಿಗೆ ಆಹಾರವನ್ನು ದೀಪ ಆರಿಸಿದ ಮೇಲೆ ಹಾಕಬೇಕು. ಪಾಚಿಗೆ ಮದ್ದು ಮೀನಲ್ಲ. ಬೆಳಕಿನ ಗಂಟೆಗಳನ್ನು ಕಡಿಮೆ ಮಾಡಿ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಗಾಜನ್ನು ನೀವೇ ಉಜ್ಜಿ.

ಅಂಗಡಿಯವರಲ್ಲಿ ನನ್ನದೊಂದು ಕೋರಿಕೆ. ಬೆಲೆ ಬರೆಯುವ ಚೀಟಿಯಲ್ಲೇ ಇನ್ನು ಮೂರು ಸಂಗತಿ ಬರೆಯಿರಿ: ಈ ಮೀನು ಪೂರ್ತಿ ಬೆಳೆದರೆ ಎಷ್ಟು ಉದ್ದ, ಕನಿಷ್ಠ ಎಷ್ಟು ಮೀನು ಒಟ್ಟಿಗಿರಬೇಕು, ತಳ ಎಷ್ಟು ಅಡಿ ಬೇಕು. ಚೀಟಿ ಇಲ್ಲದ ಕಡೆ ಕೊಳ್ಳುವವರೇ ಈ ಮೂರನ್ನು ಕೇಳಿ, ಉತ್ತರ ಸಿಗದಿದ್ದರೆ ಆ ಮೀನನ್ನು ಅಲ್ಲೇ ಬಿಟ್ಟು ಬನ್ನಿ. ಈಗಾಗಲೇ ಮನೆಯಲ್ಲಿ ಸಕ್ಕರ್ ಬೆಳೆದು ತೊಟ್ಟಿ ಸಾಲದಾಗಿದ್ದರೆ ಅಂಗಡಿಗೋ ದೊಡ್ಡ ತೊಟ್ಟಿ ಇರುವವರಿಗೋ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ.