ತೆರೆಯ ಮೇಲಿನ ಜಡೆ, ತೆರೆಯ ಹಿಂದಿನ ತಲೆ

ಈ ವಾರ ನಾಯಕನ ಫೈಟು, ನಾಯಕಿಯ ಡ್ಯಾನ್ಸು ಎರಡನ್ನೂ ಪಕ್ಕಕ್ಕಿಟ್ಟು ಕೂದಲಿನ ವಿಚಾರಕ್ಕೆ ಕೈ ಹಾಕಿದ್ದೇನೆ. ಕಾರಣ, ದಾವಣಗೆರೆಯಿಂದ ಬಂದ ಒಂದು ಪತ್ರ. ಅಭಿಮಾನಿ ಮಿತ್ರರೊಬ್ಬರು ಒಬ್ಬ ನಾಯಕಿಯ ಹೆಸರು ಬರೆದು (ಆ ಹೆಸರು ಇಲ್ಲಿ ಬೇಡ) ಕೇಳಿದ್ದಾರೆ: ‘ಅವರ ಜಡೆ ಒರಿಜಿನಲ್ಲೋ, ಡೂಪೋ? ನಮ್ಮ ಗೆಳೆಯರಲ್ಲಿ ಬಾಜಿ ಕಟ್ಟಿದ್ದೇವೆ. ಡೂಪ್ ಅಂತಾದರೆ ಅಭಿಮಾನಿಗಳಿಗೆ ಮೋಸ ಮಾಡಿದಂತಲ್ಲವೇ?’

ಮೋಸ! ಈ ಒಂದು ಮಾತಿಗೇ ನಾನು ಇಡೀ ಪುಟ ಬರೆಯಬೇಕಾಗಿ ಬಂತು.

ಅಲ್ಲಾ ಸ್ವಾಮಿ, ನಾಯಕ ಒಂದೇ ಏಟಿಗೆ ಹತ್ತು ಜನರನ್ನು ಗಾಳಿಗೆ ಹಾರಿಸುತ್ತಾನೆ. ಹಗ್ಗ ಕಟ್ಟಿ ಎಳೆದಿದ್ದಾರೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಶಿಳ್ಳೆ ಹೊಡೀತೀವಿ. ಅಲ್ಲಿ ಯಾರಿಗೂ ಮೋಸ ಆಗಲಿಲ್ಲ. ನಾಯಕಿಯ ಜಡೆಗೆ ಹೊರಗಿನ ನಾಲ್ಕು ಎಳೆ ಸೇರಿದರೆ ಮಾತ್ರ ಮೋಸವೇ?

ಆ ನಾಯಕಿಯ ಜಡೆಯ ಗುಟ್ಟು ನಾನು ಹೇಳುವುದಿಲ್ಲ. ಆದರೆ ಸಿನಿಮಾ ಜಡೆಯ ಗುಟ್ಟು ಹೇಳುತ್ತೇನೆ, ಬಾಜಿ ದುಡ್ಡಲ್ಲಿ ಎಲ್ಲರೂ ಕೂತು ಬೆಣ್ಣೆದೋಸೆ ತಿಂದುಬಿಡಿ. ಚೌರಿ ಸೇರಿಸಿ ಜಡೆ ಹೆಣೆಯುವುದು ನಮ್ಮ ಅಜ್ಜಿಯರ ಕಾಲದ ವಿದ್ಯೆ. ಮೊಗ್ಗಿನ ಜಡೆ ಹಾಕಿಕೊಂಡ ಮದುಮಗಳು ಮಂಟಪಕ್ಕೆ ಬಂದರೆ ಆ ಉದ್ದವೆಲ್ಲ ಅವಳದೇ ಅಂತ ಯಾರೂ ಅಳತೆ ಹಿಡಿದು ನೋಡುವುದಿಲ್ಲ. ಸಿನಿಮಾದವರು ಅದಕ್ಕೇ ವಿಗ್ಗು, ಪ್ಯಾಚು, ಎಕ್ಸ್‌ಟೆನ್ಷನ್ನು ಅಂತ ಬೇರೆ ಬೇರೆ ಹೆಸರಿಟ್ಟರು. ನೆತ್ತಿ ತೆಳ್ಳಗಿದ್ದರೆ ಒಂದು ಪ್ಯಾಚ್ ಸಿಕ್ಕಿಸುತ್ತಾರೆ. ಬೈತಲೆ ಅಗಲ ಕಂಡರೆ ಕೂದಲಿನ ಬಣ್ಣದ ಪುಡಿ ಉದುರಿಸುತ್ತಾರೆ. ಯಾಕೆಂದರೆ ಸೆಟ್ಟಿನ ಲೈಟು ಭಾರೀ ಚಾಡಿಕೋರ. ಮೇಲಿನಿಂದ, ಹಿಂದಿನಿಂದ ಬಿದ್ದರೆ ತೆಳುಗೂದಲನ್ನು ತೂರಿಕೊಂಡು ನೆತ್ತಿಯ ಚರ್ಮವನ್ನೇ ತೋರಿಸಿಬಿಡುತ್ತದೆ.

ವಿಗ್ಗಿನ ಕೂದಲು ಎಲ್ಲಿಂದ ಬರುತ್ತೆ ಗೊತ್ತೇ? ತಿರುಪತಿಯಲ್ಲಿ ಭಕ್ತರು ಕೊಟ್ಟ ಮುಡಿ ಹರಾಜಿಗೆ ಬರುತ್ತದೆ. ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲನ್ನು ಬಿಡಿಸಿ, ತೊಳೆದು, ಅಳತೆಗೆ ತಕ್ಕಂತೆ ಕಟ್ಟು ಕಟ್ಟುವುದೇ ಎಷ್ಟೋ ಮನೆಗಳ ಕಸುಬು. ಬಾಚಣಿಕೆಗೆ ಸಿಕ್ಕಿ ಉದುರಿದ ಕೂದಲನ್ನೂ ಓಣಿ ಓಣಿ ತಿರುಗಿ ಕೊಳ್ಳುವವರಿದ್ದಾರೆ, ಬದಲಿಗೆ ಪಾತ್ರೆ, ಪಿನ್ನು ಕೊಡುತ್ತಾರೆ. ಉದುರಿದ ಕೂದಲಿಗೂ ಬೆಲೆ ಇದೆ ಅಂದಾಯಿತು. ಉದುರಿಸಿಕೊಂಡವಳ ಗತಿ ಏನು? ಅದನ್ನೇ ಈಗ ಹೇಳಹೊರಟಿದ್ದೇನೆ.

ಮೊದಲು ಗಂಡಸರ ಕಥೆ ನೋಡೋಣ. 2017ರಲ್ಲಿ ರಾಜ್ ಬಿ. ಶೆಟ್ಟಿ ತಾವೇ ನಿರ್ದೇಶಿಸಿ, ತಾವೇ ನಾಯಕರಾಗಿ ‘ಒಂದು ಮೊಟ್ಟೆಯ ಕಥೆ’ ತೆಗೆದರು. ಬೊಕ್ಕತಲೆಯ ಕನ್ನಡ ಮೇಷ್ಟ್ರಿಗೆ ಹೆಣ್ಣು ಸಿಗದ ಪಾಡು. ನಕ್ಕೆವು, ಕಣ್ಣೂ ಒರೆಸಿಕೊಂಡೆವು. 2019ರಲ್ಲಿ ಅದೇ ಕಥೆ ಹಿಂದಿಗೆ ‘ಉಜ್ಡಾ ಚಮನ್’ ಆಗಿ, ಮಲಯಾಳಕ್ಕೆ ‘ತಮಾಶ’ ಆಗಿ ಹೋಯಿತು. ‘ಉಜ್ಡಾ ಚಮನ್’ ಬಂದ ತಿಂಗಳಲ್ಲೇ ಆಯುಷ್ಮಾನ್ ಖುರಾನಾ ಅವರ ‘ಬಾಲಾ’ ಕೂಡ ಬಂತು. ಅದೂ ಬೊಕ್ಕತಲೆಯದೇ ಕಥೆ! ಇನ್ನು ರಜನಿಕಾಂತ್ ಅವರಂತೂ ಸಭೆ ಸಮಾರಂಭಗಳಿಗೆ ವಿಗ್ಗಿಲ್ಲದೆ, ಇದ್ದ ತಲೆಯಲ್ಲೇ ಬರುತ್ತಾರೆ. ‘ಎಂಥಾ ಸಿಂಪಲ್ ಮನುಷ್ಯ!’ ಅಂತ ಕೈ ಮುಗೀತೀವಿ.

ನನ್ನದನ್ನೇ ತೆಗೆದುಕೊಳ್ಳಿ. ವಯಸ್ಸು ಇಪ್ಪತ್ತೆಂಟು, ಹಣೆ ಆಗಲೇ ಎರಡೂ ಕಡೆ ಒಳಕ್ಕೆ ನುಗ್ಗಿದೆ. ಕಾಫಿ ಹೋಟೆಲಿನಲ್ಲಿ ‘ಬುದ್ಧಿಜೀವಿ ಬಂದ್ರು’ ಅಂತಾರೆ. ಪಿಯುಸಿಗೆ ಅರ್ಧದಲ್ಲೇ ಕೈಮುಗಿದವನಿಗೆ ಓದದೇ ಸಿಕ್ಕ ಪದವಿ!

ಹೆಣ್ಣಿಗೆ ಮಾತ್ರ ಈ ರಿಯಾಯಿತಿ ಇಲ್ಲ. ಯಾಕೆ ಅಂತ ನಮ್ಮ ಸಿನಿಮಾಗಳೇ ಹೇಳುತ್ತವೆ. ಗಿರೀಶ್ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಮತ್ತು ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ ಪ್ರೇಮಾ ಕಾರಂತರು ತೆಗೆದ ‘ಫಣಿಯಮ್ಮ’ (1983) ನೋಡಿದವರಿಗೆ ಗೊತ್ತು. ಒಂದರಲ್ಲಿ ಜಾತಿಯಿಂದ ಹೊರಬಿದ್ದವಳ ತಲೆ, ಇನ್ನೊಂದರಲ್ಲಿ ಗಂಡ ಸತ್ತವಳ ತಲೆ. ಹೆಣ್ಣಿನ ತಲೆಯಲ್ಲಿ ಕೂದಲಿಲ್ಲ ಅಂದರೆ ಅವಳಿಗೇನೋ ಅಮಂಗಳ ಆಗಿದೆ ಅಂತ ಲೆಕ್ಕ ಹಾಕಿದ ಸಮಾಜ ನಮ್ಮದು. ಆ ಪದ್ಧತಿ ಹೋಯಿತು, ಭಯ ಮಾತ್ರ ಹೋಗಲಿಲ್ಲ.

ಹೆಸರು ಹಾಕಬಾರದೆಂದು ಮಾತು ತೆಗೆದುಕೊಂಡು ಒಬ್ಬ ಪೋಷಕ ನಟಿ ನನ್ನ ಹತ್ತಿರ ಮನಸ್ಸು ಬಿಚ್ಚಿದರು. ಅಕ್ಕ, ಅತ್ತಿಗೆ ಪಾತ್ರಗಳಲ್ಲಿ ನೀವೆಲ್ಲ ನೋಡಿರುವ ಮುಖ. ಎರಡನೇ ಹೆರಿಗೆಯಾಗಿ ಮೂರು ತಿಂಗಳಿಗೆ ಬಚ್ಚಲಲ್ಲಿ ಕೈ ತುಂಬ ಕೂದಲು ಬಂತಂತೆ. ಅದೇನೋ ವರ್ಷದೊಳಗೆ ಸರಿಹೋಯಿತು. ಆದರೆ ಮೂವತ್ತೈದು ದಾಟಿದ ಮೇಲೆ ಬೈತಲೆ ಮೆಲ್ಲಗೆ ಅಗಲವಾಗತೊಡಗಿತು. ಅದನ್ನು ಮುಚ್ಚಲು ದಿನವೂ ವಿಗ್ಗು. ಅದು ಜಾರದಿರಲೆಂದು ಬಿಗಿಯಾಗಿ ಎಳೆದು ಪಿನ್ನು ಚುಚ್ಚಿ ಚುಚ್ಚಿ ಕಿವಿಯ ಮೇಲಿನ ಕೂದಲೂ ಹೋಯಿತು.

‘ಒಂದು ಹಾಡಿನ ಶೂಟಿಂಗಲ್ಲಿ ದೊಡ್ಡ ಫ್ಯಾನು ಹಾಕಿದ್ರು ತಮ್ಮಾ. ಪ್ಯಾಚ್ ಎದ್ದು ಬಂತು. ಹುಡುಗರೆಲ್ಲ ನಕ್ಕರು. ಒಬ್ಬ ಮೊಬೈಲಲ್ಲಿ ಫೋಟೋ ಹೊಡೆದು ಗ್ರೂಪಿಗೆ ಹಾಕಿದ. ಮಾರನೇ ದಿನ ನಾನು ಶೂಟಿಂಗಿಗೆ ಹೋದೆ, ಡೈಲಾಗೂ ಹೇಳಿದೆ. ಆದ್ರೆ ಆಮೇಲೆ ಎರಡು ವರ್ಷ ಯಾವ ನೆಂಟರ ಮನೆಗೂ ಹೋಗ್ಲಿಲ್ಲ. ನಮ್ಮಣ್ಣನ ಮಗಳ ಧಾರೆಗೂ ಹೋಗ್ಲಿಲ್ಲ. ಕೂದ್ಲು ಇವತ್ತಲ್ಲ ನಾಳೆ ಒಂದಿಷ್ಟು ಬರ್ಬಹುದು. ಆ ಧಾರೆ ವಾಪಸ್ ಬರುತ್ತಾ?’

ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ನಮ್ಮ ಗಾಂಧಿನಗರದ ಪಾಡು ಮಾತ್ರ ಅಲ್ಲ. 2022ರ ಮಾರ್ಚ್ 27ರ ಆಸ್ಕರ್ ರಾತ್ರಿ ನೆನಪಿದೆಯೇ? ನಟಿ ಜೇಡಾ ಪಿಂಕೆಟ್ ಸ್ಮಿತ್ ಅವರ ಬೋಳಿಸಿದ ತಲೆಯ ಮೇಲೆ ಕ್ರಿಸ್ ರಾಕ್ ಜೋಕ್ ಹೊಡೆದರು. ಗಂಡ ವಿಲ್ ಸ್ಮಿತ್ ವೇದಿಕೆಗೆ ಹೋಗಿ ಕಪಾಳಕ್ಕೆ ಬಿಟ್ಟರು. ತಮ್ಮ ಕೂದಲು ಉದುರುತ್ತಿದೆ, ಭಯವಾಗುತ್ತಿದೆ ಎಂದು ಆಕೆ 2018ರಲ್ಲೇ ಬಾಯಿ ಬಿಟ್ಟು ಹೇಳಿಕೊಂಡಿದ್ದರು. ಹೊಡೆದದ್ದು ಸರಿಯೋ ತಪ್ಪೋ ಅಂತ ಲೋಕವೆಲ್ಲ ವಾದ ಮಾಡಿತು, ನಮ್ಮ ಬಸ್ ಸ್ಟ್ಯಾಂಡುಗಳಲ್ಲೂ ಮಾಡಿದರು. ಹೊಡೆಯುವುದು ತಪ್ಪೇ ಅನ್ನಿ. ಆದರೆ ಕೂತಲ್ಲೇ ಮುಖ ಸಣ್ಣ ಮಾಡಿಕೊಂಡ ಆ ಹೆಂಗಸಿನ ವಿಚಾರ ಎಷ್ಟು ಜನ ಮಾತಾಡಿದರು?

ಇರಲಿ, ಈಗ ಡಾಕ್ಟರು ಏನಂತಾರೆ ಕೇಳಿ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುತ್ತವಂತೆ. ದಿನಕ್ಕೆ 50ರಿಂದ 100 ಉದುರಿದರೆ ಗಾಬರಿ ಬೇಡ. ಗಂಡಸಿಗೆ ಹಣೆ ಹಿಂದಕ್ಕೆ ಹೋಗುತ್ತದೆ, ನೆತ್ತಿ ಬೋಳಾಗುತ್ತದೆ. ಹೆಂಗಸಿಗೆ ಸಾಮಾನ್ಯವಾಗಿ ಹಣೆಯ ಅಂಚು ಹಾಗೇ ಉಳಿದು ಬೈತಲೆ ಅಗಲವಾಗುತ್ತಾ ಹೋಗುತ್ತದೆ. ಲುಡ್ವಿಗ್ ಎಂಬ ವೈದ್ಯರು 1977ರಲ್ಲೇ ಇದನ್ನು ಮೂರು ಹಂತ ಮಾಡಿ ಬರೆದಿಟ್ಟರು. ಇದಕ್ಕೆ ಮನೆತನದ ಗುಣ ಒಂದು ಕಾರಣ, ಅದು ತಾಯಿಯ ಕಡೆಯಿಂದಲೂ ಬರಬಹುದು, ತಂದೆಯ ಕಡೆಯಿಂದಲೂ ಬರಬಹುದು. ಹೆರಿಗೆ, ಟೈಫಾಯ್ಡು, ಡೆಂಗ್ಯೂ, ಊಟ ಬಿಟ್ಟು ಮಾಡುವ ಡಯಟ್ಟು ಇವುಗಳಿಂದಲೂ ಎರಡು ಮೂರು ತಿಂಗಳ ಮೇಲೆ ಕೂದಲು ಉದುರುತ್ತದೆ. ಆ ಬಗೆಯದು ಬಹಳ ಮಂದಿಗೆ ತಾನಾಗಿಯೇ ಮತ್ತೆ ಬರುತ್ತದೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ, ಥೈರಾಯ್ಡ್, ಪಿಸಿಓಡಿ ಇವೂ ಹಿಂದೆ ನಿಂತು ಆಟ ಆಡಿಸಬಹುದು. ಅದಕ್ಕೇ ಮೊದಲು ರಕ್ತಪರೀಕ್ಷೆ. ಇನ್ನು ವರ್ಷಗಟ್ಟಲೆ ಬಿಗಿಯಾಗಿ ಎಳೆದು ಕಟ್ಟಿದರೆ ಬೇರೇ ಸತ್ತುಹೋಗುತ್ತದೆ, ಆಮೇಲೆ ಏನು ಹಚ್ಚಿದರೂ ಬರುವುದು ಕಷ್ಟ.

ಔಷಧಿ ಇಲ್ಲವೇ? ಇದೆ. ಮಿನಾಕ್ಸಿಡಿಲ್ ಅನ್ನುವುದು ಮೊದಲು ಬಿ.ಪಿ. ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬಂದದ್ದು ನೋಡಿ ತಲೆಗೆ ಹಚ್ಚುವ ಔಷಧಿ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಗಂಡಸರಿಗೆ, 1991ರಲ್ಲಿ ಹೆಂಗಸರಿಗೆ ಅನುಮತಿ ಸಿಕ್ಕಿತು. ಗುಣ ಕಾಣಲು ತಿಂಗಳುಗಟ್ಟಲೆ ಬೇಕು, ಮೊದಮೊದಲು ಇನ್ನೂ ಸ್ವಲ್ಪ ಉದುರುವುದೂ ಉಂಟು, ಬಿಟ್ಟರೆ ಬಂದದ್ದೂ ಹೋಗುತ್ತದೆ. ಬಸುರಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದು ಬೇಡ. ಆದ್ದರಿಂದ ಚರ್ಮದ ಡಾಕ್ಟರನ್ನು ಕೇಳಿಯೇ ಹಚ್ಚಬೇಕು.

ನಮ್ಮಂಥ ಸಿನಿಮಾ ಪತ್ರಿಕೆಗಳ ಹಿಂದಿನ ಪುಟದಲ್ಲಿ ‘ಗ್ಯಾರಂಟಿ ಕೂದಲು’ ಅಂತ ಎಣ್ಣೆಯ ಜಾಹೀರಾತು ಬರುತ್ತಲ್ಲ, ಅದಕ್ಕೂ ಒಂದು ಮಾತು. (ಸಂಪಾದಕರು ಕತ್ತರಿ ಆಡಿಸಬಾರದಾಗಿ ವಿನಂತಿ!) ನಮ್ಮ ದೇಶದ ಔಷಧಿ ನಿಯಮಗಳಲ್ಲಿ ಷೆಡ್ಯೂಲ್ ‘ಜೆ’ ಅಂತ ಒಂದು ಪಟ್ಟಿ ಇದೆ. ಔಷಧಿ ಮಾರುವವರು ವಾಸಿ ಮಾಡುತ್ತೇವೆ ಎಂದು ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿ ಅದು. ಅದರಲ್ಲಿ ಬೊಕ್ಕತಲೆಯೂ ಇದೆ! ಎಣ್ಣೆ ಹಚ್ಚಿ, ಬೇಡ ಅನ್ನೋದಿಲ್ಲ. ಕೂದಲಿಗೆ ಹೊಳಪು ಬರುತ್ತೆ, ತಲೆ ತಿಕ್ಕಿಸಿಕೊಂಡರೆ ನಿದ್ದೆ ಬರುತ್ತೆ. ಸತ್ತ ಬೇರಿಗೆ ಜೀವ ಬರೋದಿಲ್ಲ.

ಅಂದ ಹಾಗೆ ನಮ್ಮ ಪೋಷಕ ನಟಿ ಈಗ ಡಾಕ್ಟರ ಹತ್ತಿರ ಹೋಗುತ್ತಿದ್ದಾರೆ. ಕಬ್ಬಿಣದ ಅಂಶ ತೀರಾ ಕಡಿಮೆ ಇತ್ತಂತೆ, ಮಾತ್ರೆ ನಡೆಯುತ್ತಿದೆ. ಉದುರುವುದು ತಗ್ಗಿದೆ, ಮೊದಲಿನಷ್ಟು ಬಂದಿಲ್ಲ. ಮನೆಯಲ್ಲಿ ಕ್ರಾಪು, ಸೆಟ್ಟಿನಲ್ಲಿ ಸಡಿಲವಾದ ವಿಗ್ಗು. ‘ಕಂಡಕ್ಟರಿಗೆ ಖಾಕಿ ಹೇಗೋ, ನನಗೆ ವಿಗ್ಗು ಹಾಗೆ ತಮ್ಮಾ. ಡ್ಯೂಟಿ ಮುಗೀತು, ಬಿಚ್ಚಿಟ್ಟೆ’ ಅಂತ ನಗುತ್ತಾರೆ. ಆ ನಗುವಿಗೆ ಬರಲು ಅವರಿಗೆ ಎರಡು ವರ್ಷ ಹಿಡಿಯಿತು.

ಮಿತ್ರರೇ, ಈ ಪತ್ರಿಕೆ ಓದುವ ನಿಮ್ಮಲ್ಲಿ ಬಹಳ ಜನ ನನ್ನ ವಯಸ್ಸಿನವರು, ಇಲ್ಲವೇ ನನಗಿಂತ ಚಿಕ್ಕವರು. ನಾಳೆ ಹೆಣ್ಣು ನೋಡಲು ಹೋಗುತ್ತೀರಿ. ಕಾಫಿ ಲೋಟ ತಂದಿಟ್ಟವಳ ಜಡೆಯನ್ನು ನೀವು ಟಾಕೀಸಿನಲ್ಲಿ ಕಂಡ ಜಡೆಗೆ ಅಳತೆ ಹಾಕಬೇಡಿ. ಟಾಕೀಸಿನ ಜಡೆಯೂ ಅಷ್ಟುದ್ದ ಇರಲಿಲ್ಲ. ಮನೆಯಲ್ಲಿ ಅಕ್ಕನೋ ತಂಗಿಯೋ ಕನ್ನಡಿ ಮುಂದೆ ಬೈತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತೆಗೆದು ನೋಡುತ್ತಿದ್ದರೆ ‘ಇಲಿಬಾಲ’ ಅಂತ ರೇಗಿಸುವ ಬದಲು, ‘ಬಾ, ರಕ್ತಪರೀಕ್ಷೆ ಮಾಡಿಸೋಣ’ ಅನ್ನಿ. ಬೈಕು ತೆಗೆಯಿರಿ, ಕರೆದುಕೊಂಡು ಹೋಗಿ. ಯಾವ ನಟಿಯದಾದರೂ ಅಂಥ ಫೋಟೋ ನಿಮ್ಮ ಮೊಬೈಲಿಗೆ ಬಂದರೆ ಅಲ್ಲೇ ಅಳಿಸಿಹಾಕಿ, ಮುಂದಕ್ಕೆ ಕಳಿಸಬೇಡಿ. ಅಭಿಮಾನಿ ಅನ್ನೋನು ಅಷ್ಟಾದರೂ ಮಾಡಬೇಕು.

ಮುಂದಿನ ವಾರ ಸ್ಟಂಟ್ ಕಲಾವಿದರ ಕಷ್ಟಸುಖ.