ಹೃದಯದ ಲೆಕ್ಕಕ್ಕೆ ಊಟದ ಲೆಕ್ಕವೂ ಸೇರಲಿ

ಮೂವತ್ತು ವರ್ಷ ದಾಟಿದವರನ್ನು ಕಾಣಲು ಆಶಾ ಕಾರ್ಯಕರ್ತೆಯರು ಒಂದು ನಮೂನೆಯನ್ನು ಹಿಡಿದು ಮನೆಮನೆಗೆ ಬರುವುದು ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲೂಕುಗಳ ಹಳ್ಳಿಗಳಿಗೆ ಈಗ ಹೊಸತಲ್ಲ. ದೇಶಕ್ಕೆಲ್ಲ ಒಂದೇ ಆದ ಆ ನಮೂನೆಯ ಮೊದಲ ಭಾಗದಲ್ಲಿ ಆರು ಪ್ರಶ್ನೆಗಳಿವೆ. ವಯಸ್ಸು ಎಷ್ಟು? ಹೊಗೆಸೊಪ್ಪಿನ ಅಭ್ಯಾಸ ಉಂಟೆ? ದಿನವೂ ಮದ್ಯಪಾನ ಉಂಟೆ? ಸೊಂಟದ ಸುತ್ತಳತೆ ಎಷ್ಟು? ವಾರಕ್ಕೆ 150 ನಿಮಿಷವಾದರೂ ದೇಹಶ್ರಮ ಉಂಟೆ? ತಂದೆತಾಯಿ, ಒಡಹುಟ್ಟಿದವರಲ್ಲಿ ರಕ್ತದೊತ್ತಡ, ಮಧುಮೇಹ, ಹೃದ್ರೋಗ ಉಂಟೆ? ಉತ್ತರಗಳಿಗೆ ಅಂಕವಿತ್ತು ಕೂಡಿಸಿದಾಗ ಮೊತ್ತ ನಾಲ್ಕನ್ನು ಮೀರಿದವರಿಗೆ ತಪಾಸಣೆಯಲ್ಲಿ ಮೊದಲ ಸ್ಥಾನ. ಉಪಾಯ ಸರಳವಾದುದು, ಒಳ್ಳೆಯದೂ ಹೌದು. ಆದರೆ ಈ ಆರರಲ್ಲಿ ಊಟದ ವಿಷಯವಾಗಿ ಒಂದು ಪ್ರಶ್ನೆಯೂ ಇಲ್ಲ. ಇದು ಸಣ್ಣ ಲೋಪವಲ್ಲವೆಂದು ನಮ್ಮ ಅಭಿಪ್ರಾಯ.

ರೋಗದ ಮುನ್ಸೂಚನೆಯೆಂದರೆ ಜಾತಕ ನೋಡುವುದಲ್ಲ. 1948ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಎಂಬ ಊರಿನ 5,209 ಮಂದಿ ಗಂಡಸರು, ಹೆಂಗಸರನ್ನು ವೈದ್ಯರು ಪರೀಕ್ಷಿಸಿ, ಅವರನ್ನು ದಶಕಗಳ ಕಾಲ ಬಿಡದೆ ಹಿಂಬಾಲಿಸಿದರು. ಯಾರಿಗೆ ಹೃದಯಾಘಾತವಾಯಿತು, ಆಘಾತಕ್ಕೆ ವರ್ಷಗಳ ಮುಂಚೆ ಅವರಲ್ಲಿ ಏನಿತ್ತು ಎಂದು ಹೋಲಿಸಿ ನೋಡಿದಾಗ ರಕ್ತದೊತ್ತಡ, ಕೊಲೆಸ್ಟರಾಲ್, ಧೂಮಪಾನ ಮುಂತಾದುವುಗಳ ಕೈವಾಡ ಹೊರಬಿದ್ದಿತು. ಇಂದಿನ ಕೋಷ್ಟಕಗಳೆಲ್ಲ ಈ ದಾರಿಯಲ್ಲಿ ಹುಟ್ಟಿದವು. ಒಬ್ಬನ ಅಪಾಯ ನೂರಕ್ಕೆ ಹತ್ತು ಎಂದರೆ, ಅವನಂಥ ನೂರು ಮಂದಿಯಲ್ಲಿ ಹತ್ತು ವರ್ಷಗಳೊಳಗೆ ಸುಮಾರು ಹತ್ತು ಮಂದಿಗೆ ಹೃದಯಾಘಾತವೋ ಪಾರ್ಶ್ವವಾಯುವೋ ಆದೀತು ಎಂದು ಅರ್ಥ. ಆ ಹತ್ತರಲ್ಲಿ ಅವನಿರುವನೆ ಎಂಬುದನ್ನು ಯಾವ ಕೋಷ್ಟಕವೂ ಹೇಳಲಾರದು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಪರಿಷ್ಕರಿಸಿದ ಕೋಷ್ಟಕಗಳಲ್ಲಿ ಒಂದಕ್ಕೆ ರಕ್ತಪರೀಕ್ಷೆಯೂ ಬೇಡ. ವಯಸ್ಸು, ಲಿಂಗ, ಧೂಮಪಾನ, ರಕ್ತದೊತ್ತಡ, ಎತ್ತರಕ್ಕೆ ತಕ್ಕ ತೂಕ, ಇಷ್ಟು ತಿಳಿದರೆ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಹಸಿರು, ಹಳದಿ, ಕಿತ್ತಳೆ, ಕೆಂಪು ಮನೆಗಳಲ್ಲಿ ನಮ್ಮ ಸ್ಥಾನವನ್ನು ಕಾಣಬಹುದು.

ಈ ತಿಳಿವಳಿಕೆ ಜನರಲ್ಲಿ ಹರಡದಿದ್ದರೆ ಏನಾಗುವುದೆಂಬುದನ್ನು 2025ರ ಜುಲೈ ತಿಂಗಳು ತೋರಿಸಿತು. ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿಯಿಂದ ಹೆದರಿದ ಜನರು ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿ ನಿಂತರು. ಸಾವುಗಳಲ್ಲಿ ಅಸಾಧಾರಣವಾದ ಏರಿಕೆಯಿಲ್ಲವೆಂದು ಸರಕಾರ ನೇಮಿಸಿದ ತಜ್ಞರ ಸಮಿತಿ ವರದಿಯಿತ್ತಿತು. ಸಾಲಿನಲ್ಲಿ ನಿಂತು ಒಂದು ಇ.ಸಿ.ಜಿ. ತೆಗೆಯಿಸಿಕೊಂಡರೆ ನಿಶ್ಚಿಂತೆ ಎಂದು ಅನೇಕರು ಭಾವಿಸುವರು. ಇ.ಸಿ.ಜಿ. ತಿಳಿಸುವುದು ಹೃದಯದ ಇಂದಿನ ಸ್ಥಿತಿಯನ್ನು, ಹೆಚ್ಚೆಂದರೆ ಹಿಂದೆ ಆದ ಗಾಯವನ್ನು. ಧಮನಿಯ ಗೋಡೆಯಲ್ಲಿ ಮೆಲ್ಲಗೆ ಶೇಖರವಾಗುತ್ತಿರುವ ಮೇದಸ್ಸು ಅದರಲ್ಲಿ ಸಾಮಾನ್ಯವಾಗಿ ಕಾಣದು.

ಕೋಷ್ಟಕಗಳಿಗೂ ಕೊರತೆಗಳುಂಟು. ಮೇಲೆ ಹೇಳಿದ ಕೋಷ್ಟಕ ಪ್ರಾರಂಭವಾಗುವುದೇ 40ನೆಯ ವಯಸ್ಸಿನಿಂದ. ನಮ್ಮ ಜನರಿಗಾದರೋ ಹೃದಯಾಘಾತ ಬೇಗ ಬರುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರು 52 ದೇಶಗಳಲ್ಲಿ ನಡೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಅಂಕೆಗಳನ್ನು 2007ರಲ್ಲಿ ಬಿಡಿಸಿ ನೋಡಿದಾಗ, ದಕ್ಷಿಣ ಏಷ್ಯದವರಿಗೆ ಮೊದಲ ಆಘಾತ ಇತರರಿಗಿಂತ ಐದಾರು ವರ್ಷ ಮೊದಲೇ ಬರುವುದು ಕಂಡಿತು. ಅದೇ ಅಧ್ಯಯನವು ಗುರುತಿಸಿದ ಒಂಬತ್ತು ಮುಖ್ಯ ಕಾರಣಗಳಲ್ಲಿ ದಿನವೂ ಹಣ್ಣು, ತರಕಾರಿ ತಿನ್ನದಿರುವುದೂ ಒಂದು. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರು 1953ರಲ್ಲಿ ಪ್ರಕಟಿಸಿದ ವರದಿ ಇನ್ನೂ ಗಮನಾರ್ಹವಾದುದು: ಸರಾಸರಿ 22 ವರ್ಷದ ಆ ತರುಣರಲ್ಲಿ ನೂರಕ್ಕೆ 77 ಮಂದಿಯ ಹೃದಯದ ಧಮನಿಗಳಲ್ಲಿ ರೋಗದ ಗುರುತುಗಳಾಗಲೇ ಇದ್ದುವು. ಕಾಲೇಜಿನಲ್ಲಿರುವ ಓದುಗರು ತಮ್ಮ ವಯಸ್ಸನ್ನು ಇದರೊಡನೆ ಹೋಲಿಸಿ ನೋಡಲಿ.

ಇನ್ನು ಕರಾವಳಿಯ ಊಟದ ವಿಚಾರ. ನಮ್ಮ ಹಳೆಯ ಊಟವೆಲ್ಲ ಅಮೃತವೆಂದು ಹಾಡುವವರೂ, ತೆಂಗಿನಕಾಯಿ ವಿಷವೆಂದು ಹೆದರಿಸುವವರೂ ಲೆಕ್ಕ ಮಾಡಿದವರಲ್ಲ. ಕೆಂಪು ಕುಚ್ಚಲಕ್ಕಿಯ ಗುಣ ನಿಜ: ಭತ್ತವನ್ನು ಬೇಯಿಸುವಾಗ ಹೊರಪದರದ ಜೀವಸತ್ವಗಳು ಕಾಳಿನೊಳಕ್ಕೆ ಇಳಿಯುತ್ತವೆ, ತೌಡನ್ನು ಪೂರ್ತಿ ತೆಗೆಯದಿದ್ದರೆ ನಾರೂ ಉಳಿಯುತ್ತದೆ. ಬೆಳ್ತಿಗೆಗಿಂತ ಅದು ಮೇಲು. ಆದರೆ ಹೊತ್ತುಹೊತ್ತಿಗೂ ಬಟ್ಟಲು ತುಂಬ ಗಂಜಿ ಉಂಡವರು ಗದ್ದೆಯಲ್ಲಿ ದುಡಿಯುತ್ತಿದ್ದರು. ಬಟ್ಟಲಿನ ಗಾತ್ರ ಹಾಗೆಯೇ ಉಳಿದು ದುಡಿಮೆ ಮಾತ್ರ ಕುರ್ಚಿಗೆ ಬಂದಿದೆ. ಬಂಗುಡೆಯಲ್ಲಿಯೂ ಬೂತಾಯಿಯಲ್ಲಿಯೂ (ಕುಂದಾಪುರದವರಿಗೆ ಇದು ಬೈಗೆ) ಹೃದಯಕ್ಕೆ ಹಿತವಾದ ಒಮೇಗಾ-3 ಕೊಬ್ಬು ಹೇರಳ. ಅವನ್ನು ಎಣ್ಣೆಯಲ್ಲಿ ಮುಳುಗಿಸಿ ಹುರಿಯುವುದಕ್ಕಿಂತ ಸಾರು ಮಾಡುವುದು ಲೇಸು. ಮೀನು ತಿನ್ನದವರಿಗೆ ಹುರುಳಿ, ಅಲಸಂದೆ, ಬಸಳೆ, ಹರಿವೆಗಳುಂಟು.

ತೆಂಗಿನ ಲೆಕ್ಕವನ್ನು ಕೊಂಚ ವಿವರವಾಗಿಯೇ ಮಾಡೋಣ. ಒಂದು ಕಾಯಿಯಲ್ಲಿ 300 ಗ್ರಾಂ ತಿರುಳು ಇದೆಯೆಂದು ಹಿಡಿಯಿರಿ. ಅದರ ಮೂರನೆಯ ಒಂದು ಪಾಲು, ಎಂದರೆ 100 ಗ್ರಾಂ, ಕೊಬ್ಬು. ಆ ಕೊಬ್ಬಿನ ಹೆಚ್ಚು ಕಡಿಮೆ ಹತ್ತರಲ್ಲಿ ಒಂಬತ್ತು ಪಾಲು ಪರ್ಯಾಪ್ತ ಕೊಬ್ಬು. ನಾಲ್ವರ ಮನೆಯಲ್ಲಿ ದಿನಕ್ಕೊಂದು ಕಾಯಿ ಪೂರ್ತಿ ಖರ್ಚಾದರೆ ತಲೆಗೆ ಸುಮಾರು 22 ಗ್ರಾಂ. 2,000 ಕ್ಯಾಲೊರಿ ಉಣ್ಣುವವನಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ, ಶಕ್ತಿಯ ಹತ್ತನೆಯ ಒಂದು ಭಾಗ, ಅದೂ ಸುಮಾರು 22 ಗ್ರಾಮೇ! ಅಂದಮೇಲೆ ಹಾಲು, ತುಪ್ಪ, ಕೊಬ್ಬರಿ ಎಣ್ಣೆಗಳಿಗೆ ಜಾಗವೇ ಉಳಿಯಲಿಲ್ಲ. ಶಾಂತಸಾಗರದ ಟೊಕೆಲಾವ್ ದ್ವೀಪದವರು ತಮ್ಮ ಆಹಾರಶಕ್ತಿಯ ನೂರಕ್ಕೆ 63 ಪಾಲನ್ನು ತೆಂಗಿನಿಂದ ಪಡೆಯುತ್ತಿದ್ದರೂ ಅವರಲ್ಲಿ ಹೃದ್ರೋಗ ವಿರಳವಾಗಿತ್ತೆಂದು 1981ರ ಒಂದು ವರದಿ ತಿಳಿಸಿತು. ನಿಜ. ಆದರೆ ಅವರು ಮೀನು ಹಿಡಿದು ತಿನ್ನುತ್ತಿದ್ದ ಶ್ರಮಜೀವಿಗಳು. ಕಾಯಿಯನ್ನು ನಾರುಸಹಿತ ತಿನ್ನುತ್ತಿದ್ದರು. ಬೇಕರಿಯ ತಿಂಡಿ ಅವರಿಗೆ ಇರಲಿಲ್ಲ. ಗಸಿಗೆ ಕಾಯಿ ಬೇಡವೆನ್ನುವ ಕ್ರೂರಿಗಳು ನಾವಲ್ಲ. ಕಾಯಿ ಅರೆದ ದಿನ ಒಗ್ಗರಣೆಗೂ ಕರಿಯುವುದಕ್ಕೂ ಕೊಬ್ಬರಿ ಎಣ್ಣೆಯೇ ಬೇಕೆಂಬ ಹಟ ಮಾತ್ರ ಸಲ್ಲದು. ತುಪ್ಪದಲ್ಲಿ ಹುರಿದ ಕೋಳಿಗೆ ಕುಂದಾಪುರ ಹೆಸರಾಗಿದೆ. ಅದು ಹಬ್ಬದ ಊಟವಾಗಿಯೇ ಇರಲಿ.

ನಮ್ಮನ್ನು ತೆಂಗಿಗಿಂತ ಹೆಚ್ಚಾಗಿ ಕಾಡುವುದು ಉಪ್ಪು. ಮಳೆಗಾಲಕ್ಕೆಂದು ಕೂಡಿಡುವುದೆಲ್ಲ ಉಪ್ಪಿನದೇ ಸಂಸಾರ: ಮಾವಿನ ಮಿಡಿ, ಹಲಸಿನ ಉಪ್ಪುಸೊಳೆ, ಹಪ್ಪಳ, ಒಣಮೀನು. ಜೂನ್ ಒಂದರಿಂದ 61 ದಿನ ಯಂತ್ರದ ದೋಣಿಗಳು ಗಂಗೊಳ್ಳಿಯ ಬಂದರಿನಲ್ಲೇ ತಂಗಿದಾಗ ಹಸಿಮೀನಿನ ಜಾಗಕ್ಕೆ ಒಣಮೀನು ಬರುತ್ತದೆ. ದಿನಕ್ಕೆ ತಲೆಗೆ 5 ಗ್ರಾಂ ಉಪ್ಪನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗಾದರೆ ನಾಲ್ವರ ಮನೆಗೆ ಒಂದು ಕಿಲೋ ಪೊಟ್ಟಣ 50 ದಿನ ಬರಬೇಕು. ಇಪ್ಪತ್ತೈದೇ ದಿನಕ್ಕೆ ಮುಗಿದರೆ ಇಮ್ಮಡಿಯಾಯಿತು. ಅಂಗಡಿಯಿಂದ ತಂದ ಒಣಮೀನು, ಉಪ್ಪಿನಕಾಯಿಗಳ ಉಪ್ಪು ಈ ಲೆಕ್ಕಕ್ಕೆ ಬಂದೇ ಇಲ್ಲ. ಚೀನದ 600 ಹಳ್ಳಿಗಳಲ್ಲಿ ಉಪ್ಪಿನ ಕಾಲು ಭಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡನ್ನು ಬೆರೆಸಿ ಕೊಟ್ಟಾಗ ಪಾರ್ಶ್ವವಾಯು ನೂರಕ್ಕೆ 14ರಷ್ಟು ತಗ್ಗಿದುದು 2021ರಲ್ಲಿ ಪ್ರಕಟವಾಯಿತು. ಮೂತ್ರಪಿಂಡದ ರೋಗಿಗಳು ವೈದ್ಯರನ್ನು ಕೇಳದೆ ಇಂಥ ಉಪ್ಪನ್ನು ಮುಟ್ಟಬಾರದು.

ವನಸ್ಪತಿಯ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ನೂರಕ್ಕೆ ಎರಡರ ಕಾನೂನಿನ ಮಿತಿ ಬಿದ್ದಿದೆ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಆಶಾ ಕಾರ್ಯಕರ್ತೆಯರ ನಮೂನೆಗೆ ಮೂರು ಪ್ರಶ್ನೆಗಳನ್ನು ಸೇರಿಸಬೇಕೆಂದು ನಾವು ಸೂಚಿಸುತ್ತೇವೆ. ಉಪ್ಪಿನ ಪೊಟ್ಟಣ ಎಷ್ಟು ದಿನ ಬರುತ್ತದೆ? ತಿಂಗಳಿಗೆ ಎಣ್ಣೆ ಎಷ್ಟು ಲೀಟರು? ನಿನ್ನೆ ಹಣ್ಣು, ತರಕಾರಿ ತಿಂದಿರಾ? ನಮೂನೆ ಉದ್ದವಾದೀತೆಂಬ ಆಕ್ಷೇಪಣೆ ಬರಬಹುದು. ಆದರೆ ಒಲೆಗೆ ಯಾವ ಇಂಧನ ಹಾಕುವಿರೆಂಬ ಪ್ರಶ್ನೆ ಅದೇ ನಮೂನೆಯಲ್ಲಿ ಈಗಾಗಲೇ ಇದೆ. ಒಲೆಯ ಮೇಲಿನ ಪಾತ್ರೆಯಲ್ಲಿ ಏನಿದೆಯೆಂದು ಕೇಳಲು ಅಡ್ಡಿಯೇನು? ನಮೂನೆ ಬದಲಾಗುವ ತನಕ ಕಾಯಬೇಕಾಗಿಯೂ ಇಲ್ಲ. ಉಪ್ಪಿನ ಹೊಸ ಪೊಟ್ಟಣವನ್ನು ಒಡೆದ ದಿನ ಅದರ ಮೇಲೆ ತಾರೀಕು ಬರೆದಿಡುವುದು ಎಂಟನೆಯ ತರಗತಿಯ ಹುಡುಗಿಯೂ ಮಾಡಬಹುದಾದ ಕೆಲಸ. ಒಂದು ಪ್ರೌಢಶಾಲೆಯ ನಲವತ್ತು ಮಕ್ಕಳು ಎರಡು ತಿಂಗಳು ಹೀಗೆ ಮಾಡಿ ಅಂಕೆಗಳನ್ನು ಒಟ್ಟುಗೂಡಿಸಿದರೆ, ಆ ಊರಿನ ಆರೋಗ್ಯ ಕೇಂದ್ರದ ವೈದ್ಯರು ಅದನ್ನು ಆಸಕ್ತಿಯಿಂದ ನೋಡಿಯಾರು.